ಒಂದು ದಿನದ ಜಿಯೋಕ್ಯಾಚಿಂಗ್‌ಗೆ ಚೆಂದದ ನಡಿಗೆ ದಾರಿ ಆರಿಸುವುದು ಹೇಗೆ?

ಜಿಯೋಕ್ಯಾಚಿಂಗ್ ಅಂದರೆ ಬೇರೆಯವರು ಬಚ್ಚಿಟ್ಟ ಡಬ್ಬಿಗಳನ್ನು ಜಿಪಿಎಸ್ ಹಿಡಿದು ಹುಡುಕುವ ಆಟ. ಅದಕ್ಕೆ ಹೊರಟಲ್ಲಿಗೇ ಬಂದು ಮುಟ್ಟುವ ದಾರಿ ಆರಿಸಿ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬಟರ್‌ಮಿಯರ್ ಕೆರೆ ಸುತ್ತುವ ದಾರಿ ನನಗೆ ತುಂಬಾ ಇಷ್ಟ. ಸುಮಾರು 7 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು. ಸುಮ್ನೆ ನಡೆದರೆ ಎರಡೂವರೆ ಗಂಟೆ ಸಾಕು; ಡಬ್ಬಿ ಹುಡುಕುತ್ತಾ ಹೋದರೆ ಅರ್ಧ ದಿನ ಇಟ್ಟುಕೊಳ್ಳಿ. ದಡದಲ್ಲೇ ಬಂಡೆ ಕೊರೆದ ಪುಟ್ಟ ಸುರಂಗವಿದೆ. ಒಳಗೆ ಕತ್ತಲು, ತಲೆ ತಗ್ಗಿಸಿ ದಾಟಿದರೆ ಎದುರಿಗೆ ಮತ್ತೆ ಕೆರೆ! ಇಂಥ ಕಡೆ, ದಟ್ಟ ಮರಗಳ ಕೆಳಗೂ, ಜಿಪಿಎಸ್ ತಪ್ಪು ಜಾಗ ತೋರಿಸುತ್ತದೆ. ಆಗ ಡಬ್ಬಿಯ ಸುಳಿವನ್ನೇ ನಂಬಿ.

ಪ್ರತಿ ಡಬ್ಬಿಗೂ 1ರಿಂದ 5ರವರೆಗೆ ಎರಡು ಅಂಕ ಇರುತ್ತವೆ: ಹುಡುಕುವ ಕಷ್ಟ, ನೆಲದ ಕಷ್ಟ. ಮಕ್ಕಳಿದ್ದರೆ ನೆಲದ ಅಂಕ 2 ದಾಟದಿರಲಿ.

ಡಬ್ಬಿ ಜಾಸ್ತಿ ಇರುವ ದಾರಿಗೆ ಆಸೆಪಡಬೇಡಿ. 161 ಮೀಟರಿಗೊಂದು ಇಡಬಹುದು ಅನ್ನುತ್ತದೆ ನಿಯಮ. ಅಷ್ಟೊಂದಿದ್ದರೆ ಕಣ್ಣು ಬೇಲಿ ಬುಡದಲ್ಲೇ ಇರುತ್ತದೆ, ಬೆಟ್ಟ ನೋಡುವುದು ಯಾವಾಗ, ಅಲ್ವಾ?