ಹಳೇ ಕಿಂಡಲ್‌ಗೆ ಪ್ರೋಗ್ರಾಮಿಂಗ್ ಪುಸ್ತಕ: ಅಮೆಜಾನ್‌ನಲ್ಲಿ ಕೊಳ್ಳೋದಾ, ಪ್ರಕಾಶಕರ ಹತ್ತಿರವೇನಾ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ, ಅಣ್ಣನ ಆರಿಂಚಿನ ಕಿಂಡಲ್ (ಅಮೆಜಾನಿನ ಇ-ಪುಸ್ತಕ ಓದೋ ಸಾಧನ) ಕೈಗೆ ಬಂದಿದೆ, ಒಂದು ಪೈಥಾನ್ ಪುಸ್ತಕ ಬೇಕು, ಎಲ್ಲಿ ಕೊಳ್ಳಲಿ ಅಂತ. ನಾನೂ ಇದೇ ಊರಿನವನು. ವಿದ್ಯಾನಗರದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯೋನು. ಪ್ರಕಾಶಕರ ಹತ್ತಿರವೇ ಕೊಳ್ಳಿ ಅಂತೀನಿ. ಆದರೆ ದುಡ್ಡು ಕೊಡೋ ಮುಂಚೆ ಅವರ ಸೈಟಿನಲ್ಲಿ ಸಿಗೋ ಸ್ಯಾಂಪಲ್ ಅಧ್ಯಾಯವನ್ನು ಆ ಕಿಂಡಲ್‌ಗೇ ಹಾಕಿ, ಕೋಡ್ ಇರೋ ಪುಟ ತೆಗೆದು ನೋಡಿ. ಲ್ಯಾಪ್‌ಟಾಪಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

ಯಾಕಂದ್ರೆ ಪೈಥಾನಿನ ಶೈಲಿ ನಿಯಮ ಪೆಪ್ 8 ಒಂದು ಸಾಲಿಗೆ 79 ಅಕ್ಷರದವರೆಗೂ ಬಿಡುತ್ತೆ. ನಿಮ್ಮ ಪರದೆಯಲ್ಲಿ ಓದೋ ಅಳತೆಯ ಅಕ್ಷರ ಇಟ್ಟರೆ ಅದರ ಅರ್ಧಕ್ಕೇ ಸಾಲು ಮುಗಿಯುತ್ತೆ. ಉಳಿದ ಬಾಲ ಮುರಿದು ಕೆಳಗೆ ಎಡ ಅಂಚಿಗೆ ಬಂದು ಬೀಳುತ್ತೆ. ಬೇರೆ ಭಾಷೆಯಾದ್ರೆ ಪರವಾಗಿಲ್ಲ, ಆವರಣ ಚಿಹ್ನೆ ನೋಡ್ಕೊಂಡು ಓದಬಹುದು. ಪೈಥಾನಿನಲ್ಲಿ ಸಾಲಿನ ಶುರುವಿನ ಖಾಲಿ ಜಾಗಕ್ಕೇ ಅರ್ಥ. ಒಂದ್ಸಲ ಬೆಂಗಳೂರು ರೈಲಿನಲ್ಲಿ ಹೀಗೇ ಓದ್ತಾ, ಒಂದು ರಿಟರ್ನ್ ಸಾಲು ಲೂಪಿನ ಒಳಗಿದೆಯೋ ಹೊರಗಿದೆಯೋ ಅಂತ ಬೀರೂರು ದಾಟೋವರೆಗೂ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಪುಟ ಅಡ್ಡ ತಿರುಗಿಸಿ, ಅಕ್ಷರ ಎರಡು ಹಂತ ಚಿಕ್ಕದು ಮಾಡಿದ ಮೇಲೆ ಗೊತ್ತಾಯ್ತು: ಹೊರಗಿತ್ತು. ಗ್ರಾಫ್‌ಗಳದ್ದೂ ಇದೇ ಕಥೆ. ಕೆಂಪು ಗೆರೆ, ನೀಲಿ ಗೆರೆ ಎರಡೂ ಒಂದೇ ಬೂದಿ ಬಣ್ಣ. ಪಿಡಿಎಫ್ ಅಂತೂ ಆರಿಂಚಿಗೆ ಬೇಡವೇ ಬೇಡ, ಅಕ್ಷರ ಸಾಸಿವೆ ಕಾಳಾಗುತ್ತೆ.

ಹಾಗಾದ್ರೆ ಪ್ರಕಾಶಕರ ಹತ್ತಿರ ಏನು ಲಾಭ? ಮ್ಯಾನಿಂಗ್, ಪ್ರಾಗ್ಮ್ಯಾಟಿಕ್ ಬುಕ್‌ಶೆಲ್ಫ್, ನೋ ಸ್ಟಾರ್ಚ್ ಪ್ರೆಸ್, ಇವರೆಲ್ಲ ಕಾಪಿ ತಡೆಯೋ ಬೀಗ ಹಾಕದ ಫೈಲ್ ಕೊಡ್ತಾರೆ. ಒಂದೇ ಬೆಲೆಗೆ ಪಿಡಿಎಫ್ಫೂ ಇಪಬ್ಬೂ (ಪರದೆಯ ಅಳತೆಗೆ ಹೊಂದಿಕೊಳ್ಳೋ ಇ-ಪುಸ್ತಕದ ಫೈಲ್) ಎರಡೂ ಸಿಗುತ್ತೆ: ಇಪಬ್ ಕಿಂಡಲ್‌ಗೆ, ಪಿಡಿಎಫ್ ಲ್ಯಾಪ್‌ಟಾಪಿಗೆ. ನೋ ಸ್ಟಾರ್ಚ್‌ನಲ್ಲಿ ಮುದ್ರಿತ ಪ್ರತಿ ಕೊಂಡರೆ ಇ-ಪುಸ್ತಕ ಪುಕ್ಕಟೆ. ಅಮೆಜಾನ್ 2025ರ ಫೆಬ್ರವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಹಾಕಿಕೊಳ್ಳೋ ದಾರಿಯನ್ನೇ ಮುಚ್ಚಿಬಿಟ್ಟಿದೆ. ಓರೈಲಿ ಅನ್ನೋ ಪ್ರಕಾಶಕರ ಹೆಸರು ಕೇಳಿ ಹೋಗ್ತೀರೇನೋ, ಅವರು ತಮ್ಮ ಸೈಟಿನಲ್ಲಿ ಬಿಡಿ ಇ-ಪುಸ್ತಕ ಮಾರೋದನ್ನು 2017ರಲ್ಲೇ ನಿಲ್ಲಿಸಿದ್ರು. ಈಗ ಅಲ್ಲಿ ಚಂದಾ. ಅವರ ಪುಸ್ತಕಗಳನ್ನು ಮುಂಬೈನ ಶ್ರಾಫ್ ಪಬ್ಲಿಷರ್ಸ್ ಇಲ್ಲೇ ಅಚ್ಚು ಹಾಕುತ್ತೆ, ಬೆಲೆಯೂ ಕಡಿಮೆ. ಕೆಲವು ಸಲ ಕಾಗದದ ಪುಸ್ತಕವೇ ವಾಸಿ, ಸುಳ್ಳು ಯಾಕೆ ಹೇಳಲಿ.

ಬೆಲೆ ಡಾಲರಿನಲ್ಲಿರುತ್ತೆ. 30 ಡಾಲರ್ ಅಂದ್ರೆ ಎರಡೂವರೆ ಸಾವಿರ ದಾಟಿತು, ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ, ಅದಕ್ಕೊಂದು ಜಿಎಸ್‌ಟಿ. ನವೆಂಬರ್ ಕೊನೆಗೆ ಒಳ್ಳೇ ರಿಯಾಯಿತಿ ಬರುತ್ತೆ, ಕಾಯೋಕಾದ್ರೆ ಕಾಯಿರಿ. ನನ್ನ ಮೊದಲ ಪಾವತಿ ಮೂರು ಸಲ ಫೇಲ್ ಆಯ್ತು. ಬ್ಯಾಂಕಿಗೆ ಹೋದ್ರೆ ಕೌಂಟರಿನವರು "ಸರ್ವರ್ ಡೌನ್ ಸರ್, ನಾಳೆ ಬನ್ನಿ" ಅಂದ್ರು. ಸರ್ವರ್ ಚೆನ್ನಾಗೇ ಇತ್ತು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಆಫ್ ಆಗೇ ಬರುತ್ತೆ, ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕ್ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಕೆಲಸ ಆದಮೇಲೆ ಮತ್ತೆ ಆಫ್ ಮಾಡಿಬಿಡಿ.

ಇನ್ನೊಂದು ಕಡೆ ನಾನು ಮುಗ್ಗರಿಸಿದ್ದೆ. ಇಪಬ್ ಫೈಲನ್ನು ಕೇಬಲ್ ಹಾಕಿ ಕಿಂಡಲ್‌ಗೆ ಕಾಪಿ ಮಾಡಿದೆ, ಪುಸ್ತಕವೇ ಕಾಣಲಿಲ್ಲ. ಕೆಟ್ಟ ಫೈಲ್ ಕೊಟ್ಟಿದ್ದೀರಿ ಅಂತ ಪ್ರಕಾಶಕರಿಗೆ ರಾತ್ರಿ ಹನ್ನೊಂದಕ್ಕೆ ಖಾರವಾಗಿ ಮೇಲ್ ಬರೆದೆ. ತಪ್ಪು ನಂದೇ. ಕೇಬಲ್‌ನಲ್ಲಿ ಹಾಕಿದ ಇಪಬ್ಬನ್ನು ಕಿಂಡಲ್ ಓದೋದಿಲ್ಲ, ಅಮೆಜಾನಿನ ಸೆಂಡ್ ಟು ಕಿಂಡಲ್ ಅನ್ನೋ ಸೇವೆ ಮೂಲಕ ಕಳಿಸಿದ್ರೆ ಅಮೆಜಾನೇ ಪರಿವರ್ತಿಸಿ ಕಳಿಸುತ್ತೆ. 2022ರಿಂದ ಇದು ನಡೀತಿದೆ. ಮೇಲ್‌ನಲ್ಲಿ ಕಳಿಸೋದಾದ್ರೆ ನಿಮ್ಮ ಮೇಲ್ ವಿಳಾಸವನ್ನು ಅಮೆಜಾನ್ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿತ ಪಟ್ಟಿಗೆ ಸೇರಿಸಿರಬೇಕು, ಇಲ್ಲಾಂದ್ರೆ ಫೈಲ್ ತಲುಪೋದಿಲ್ಲ. ಕೇಬಲ್ಲೇ ಬೇಕು ಅಂದ್ರೆ ಕ್ಯಾಲಿಬರ್ ಅನ್ನೋ ಉಚಿತ ತಂತ್ರಾಂಶದಲ್ಲಿ ಎಝಡ್‌ಡಬ್ಲ್ಯೂ3 (ಕಿಂಡಲ್ ಓದೋ ಫೈಲ್) ಮಾಡಿಕೊಂಡು ಹಾಕಿ.

ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಂಚೋ ಯೋಚನೆ ಇದ್ರೆ ಮಾತ್ರ ಪಿಡಿಎಫ್ ಪುಟದ ಅಂಚನ್ನು ಒಮ್ಮೆ ನೋಡ್ಕೊಳ್ಳಿ. ಬೀಗ ಇರಲ್ಲ, ಆದ್ರೆ ಮ್ಯಾನಿಂಗ್‌ನವರ ಪಿಡಿಎಫ್‌ನಲ್ಲಿ ಕೊಂಡವರ ಹೆಸರು, ಮೇಲ್ ವಿಳಾಸ ಅಚ್ಚಾಗಿರುತ್ತೆ.