ಕಣ್ಣಿಗೆ ಕಾಣದ ಕಣವನ್ನು ಗುರಿಯಿಟ್ಟು ಹೊಡೆಯುವುದು ಹೇಗೆ?

ಪ್ರಶ್ನೆ: ಧೂಳಿನಷ್ಟು ಸಣ್ಣ ಕಣ ಗುಂಡಿನ ವೇಗದಲ್ಲಿ ಬಡಿದರೆ ಲೋಹ ಹೇಗೆ ತಾಳಿಕೊಳ್ಳುತ್ತದೆಂದು ಪರೀಕ್ಷಿಸುತ್ತಾರಂತೆ. ಅಂಥ ಒಂದೇ ಕಣವನ್ನು ಎಸೆಯುವುದು ಹೇಗೆ? ಬಡಿದ ಮೇಲೆ ಬಿದ್ದ ಗುಳಿಯನ್ನು ನೋಡಿದರೆ ಸಾಲದೆ?

ಉತ್ತರ: ಸಾಲದು. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಲೋಹದ ತುಂಡಿನ ಮೇಲೆ ಗಾಳಿಯಲ್ಲಿ ಮರಳು ಊದಿ, ತೂಕ ಎಷ್ಟು ಇಳಿಯಿತೆಂದು ಅಳೆಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿದವಳು ನಾನು. ಸಿಗುತ್ತಿದ್ದದ್ದು ಲಕ್ಷಾಂತರ ಕಣಗಳ ಸರಾಸರಿ. ಇಂಥ ಗುಳಿ ಇಂಥ ವೇಗದ ಕಣದ್ದು ಎಂದು ಒಂದರ ಬಗ್ಗೆಯೂ ಹೇಳಲಾಗುತ್ತಿರಲಿಲ್ಲ.

ಈಗ ಲೇಸರಿನಿಂದ ಒಂದೊಂದೇ ಕಣವನ್ನು ಚಿಮ್ಮಿಸುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬೆಳೆದ ವಿಧಾನವಿದು. ಗಾಜಿನ ಫಲಕಕ್ಕೆ ಚಿನ್ನದ ಅತಿ ತೆಳುವಾದ ಲೇಪ, ಅದರ ಮೇಲೆ ರಬ್ಬರಿನಂಥ ಪಾಲಿಮರ್ ಪದರ, ಅದರ ಮೇಲೆ ಚದುರಿಸಿದ ಕಣಗಳು. ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದು ಕಣವನ್ನು ಆರಿಸಿ, ಗಾಜಿನ ಕಡೆಯಿಂದ ಸರಿಯಾಗಿ ಅದರ ಬೆನ್ನಿಗೆ ಲೇಸರ್ ಹೊಡೆಯುತ್ತಾರೆ. ಚಿನ್ನ ಆವಿಯಾಗಿ ಪದರವನ್ನು ಉಬ್ಬಿಸುತ್ತದೆ, ಉಬ್ಬಿದ ಪದರ ಕಣವನ್ನು ಒದೆಯುತ್ತದೆ. ಲೇಸರಿನ ಶಕ್ತಿ ಹೆಚ್ಚಿಸಿದಷ್ಟೂ ಒದೆತ ಜೋರು. ಸೆಕೆಂಡಿಗೆ ಒಂದು ಕಿಲೋಮೀಟರನ್ನೂ ದಾಟಿಸಬಹುದು.

ನನ್ನನ್ನು ಬೆರಗುಗೊಳಿಸುವುದು ಕ್ಯಾಮೆರಾ. ಒಂದೊಂದು ಚಿತ್ರಕ್ಕೆ ಕೆಲವೇ ನ್ಯಾನೋಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ಸೆಕೆಂಡಿಗೆ 500 ಮೀಟರ್ ವೇಗದ ಕಣವೂ 5 ನ್ಯಾನೋಸೆಕೆಂಡಿನಲ್ಲಿ ಸರಿಯುವುದು ಎರಡೂವರೆ ಮೈಕ್ರಾನ್ ಮಾತ್ರ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). 10 ಮೈಕ್ರಾನಿನ ಕಣವಾದರೆ ತನ್ನ ಅಗಲದ ಕಾಲುಭಾಗ. ಹಾಗಾಗಿ ಚಿತ್ರ ಕಲಸಿಹೋಗುವುದಿಲ್ಲ. ಸಾಲು ಚಿತ್ರಗಳಲ್ಲಿ ಕಣ ಎಷ್ಟು ಸರಿಯಿತೆಂದು ನೋಡಿದರೆ ಬಂದ ವೇಗ, ಪುಟಿದ ವೇಗ ಎರಡೂ ಸಿಗುತ್ತವೆ. 600ರಲ್ಲಿ ಬಂದು 300ರಲ್ಲಿ ಪುಟಿದರೆ ಉಳಿದದ್ದು ಕಾಲುಭಾಗ ಶಕ್ತಿ. ಮುಕ್ಕಾಲು ಭಾಗ ಲೋಹದಲ್ಲಿ ಗುಳಿ ಬೀಳಿಸುವುದಕ್ಕೆ, ಅದನ್ನು ಕಾಯಿಸುವುದಕ್ಕೆ ಹೋಯಿತು. ಗುಳಿಯ ಆಳವನ್ನೂ ಜೊತೆಗಿಟ್ಟುಕೊಂಡರೆ ಆ ಕ್ಷಣದಲ್ಲಿ ಲೋಹ ಎಷ್ಟು ಗಡುಸಾಗಿತ್ತೆಂದು ಲೆಕ್ಕ ಹಾಕಬಹುದು. ನಿಧಾನವಾಗಿ ಒತ್ತಿ ಅಳೆದ ಗಡುಸುತನ ಇಲ್ಲಿ ಹೊಂದುವುದಿಲ್ಲ.



ಗುಳಿಯನ್ನೇ ಕೇಳಿದ್ದೀರಲ್ಲ, ಅಲ್ಯೂಮಿನಿಯಂ ನೋಡಿ. ಹತ್ತು ಹದಿನೈದು ಮೈಕ್ರಾನಿನ ಅಲ್ಯೂಮಿನಿಯಂ ಕಣ ಅಲ್ಯೂಮಿನಿಯಂ ಮೇಲೆಯೇ ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಬಿದ್ದರೆ ಪುಟಿಯುತ್ತದೆ. ಸುಮಾರು 800 ದಾಟಿದರೆ ಅಂಚಿನಿಂದ ಲೋಹ ಚಿಮ್ಮಿ, ಕರಗದೆಯೇ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡಿದೆ ಎಂಬುದು ಆಮೇಲೆ ಸೀಳಿ ನೋಡಿದರೂ ತಿಳಿಯುತ್ತದೆ. ಯಾವ ವೇಗದಲ್ಲಿ ಎಂಬುದನ್ನು ಹೇಳುವುದು ಆ ಚಿತ್ರಗಳು ಮಾತ್ರ.