ಬಾಯಿಲೆಕ್ಕದಲ್ಲಿ ಚರ್ಚೆ ಯಾಕೆ?

ಪ್ರಶ್ನೆ: ನಾನು ಮೂರನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಬಾಯಿಲೆಕ್ಕ ಕೇಳಿದರೆ ಯಾವಾಗಲೂ ಅದೇ ಇಬ್ಬರು ಥಟ್ಟನೆ ಉತ್ತರ ಕೂಗುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ತರಗತಿಯಲ್ಲಿ ಚರ್ಚೆ ಮಾಡಿಸಿ ಅನ್ನುತ್ತಾರೆ. ಲೆಕ್ಕದಲ್ಲಿ ಚರ್ಚಿಸುವುದಕ್ಕೆ ಏನಿದೆ?

ಉತ್ತರ: ಉತ್ತರದಲ್ಲಿ ಏನೂ ಇಲ್ಲ, ಅಲ್ಲಿಗೆ ಹೋದ ದಾರಿಯಲ್ಲಿ ಬೇಕಾದಷ್ಟಿದೆ. ಮೊದಲು ಕೈ ಎತ್ತುವುದನ್ನು, ಕೂಗುವುದನ್ನು ನಿಲ್ಲಿಸಿ. ಉತ್ತರ ಸಿಕ್ಕವರು ಎದೆಯ ಹತ್ತಿರ ಹೆಬ್ಬೆರಳು ತೋರಿಸಲಿ, ಇನ್ನೊಂದು ದಾರಿ ಹೊಳೆದರೆ ಇನ್ನೊಂದು ಬೆರಳು. ಆಗ ನಿಧಾನವಾಗಿ ಯೋಚಿಸುವ ಮಗುವಿಗೂ ಸಮಯ ಸಿಗುತ್ತದೆ, ಅಲ್ವಾ?

ಬೋರ್ಡಿನ ಮೇಲೆ 63 − 28 ಅಂತ ಅಡ್ಡಸಾಲಿನಲ್ಲಿ ಬರೆಯಿರಿ. ಒಂದರ ಕೆಳಗೊಂದು ಬರೆದರೆ ಮಕ್ಕಳು ಯೋಚಿಸದೆ ಹತ್ತರ ಮನೆಯಿಂದ ಸಾಲ ತರಲು ಹೊರಡುತ್ತಾರೆ. ಒಬ್ಬಳು 30 ಕಳೆದು, ಜಾಸ್ತಿ ಕಳೆದ 2 ವಾಪಸ್ ಸೇರಿಸಿ 35 ಅನ್ನಬಹುದು. ಇನ್ನೊಬ್ಬ 28ರಿಂದ 30ಕ್ಕೆ 2, ಅಲ್ಲಿಂದ 63ಕ್ಕೆ 33 ಅಂತ ಮೇಲಕ್ಕೆ ಎಣಿಸಬಹುದು. ಎರಡನ್ನೂ ಅವರು ಹೇಳಿದ ಹಾಗೇ ಬರೆಯಿರಿ. ಮತ್ತೊಬ್ಬ 31 ಅಂದರೆ (ಸೇರಿಸಬೇಕಾದ 2 ಅನ್ನು ಮತ್ತೆ ಕಳೆದಿರುತ್ತಾನೆ, ಇದು ತುಂಬ ಸಾಮಾನ್ಯ) ತಕ್ಷಣ ತಪ್ಪು ಅನ್ನಬೇಡಿ, 35ರ ಪಕ್ಕದಲ್ಲೇ ಅದನ್ನೂ ಬರೆದು ‘ಹೇಗೆ ಬಂತು ಹೇಳು’ ಅಂತ ಕೇಳಿ, ಎಷ್ಟೋ ಸಲ ವಿವರಿಸುತ್ತಾ ವಿವರಿಸುತ್ತಾ ಅರ್ಧದಲ್ಲೇ ನಿಂತು ಅವನೇ ತಿದ್ದಿಕೊಳ್ಳುತ್ತಾನೆ.

ದಿನಕ್ಕೆ 10 ನಿಮಿಷ, ಒಂದೋ ಎರಡೋ ಲೆಕ್ಕ, ಅಷ್ಟು ಸಾಕು. ಮೊದಮೊದಲು ಮೌನವೇ ಜಾಸ್ತಿ ಇರುತ್ತದೆ, ಆಗ ನೀವು ಬಾಯಿ ಹಾಕಬೇಡಿ. ಇನ್ನು ನಿಮ್ಮ ಆ ಇಬ್ಬರು ಚುರುಕು ಮಕ್ಕಳಿಗೆ ಬೇರೆ ಕೆಲಸ ಕೊಡಿ: ಪಕ್ಕದವರು ಮಾಡಿದ ದಾರಿಯನ್ನು ತಮ್ಮ ಮಾತಿನಲ್ಲಿ ಹೇಳಲಿ.